ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರಿ

ಔರಾದದಿಂದ ಬೀದರಿಗೆ, ಸುರಪುರದಿಂದ ಯಾದಗಿರಿಗೆ, ಅಫಜಲಪುರದಿಂದ ಕಲಬುರಗಿಗೆ ಮಾತು ತಡವಾದ ಮಗುವನ್ನು ಕರೆದುಕೊಂಡು ಸ್ಪೀಚ್ ಥೆರಪಿಗೆ, ಅಂದರೆ ಮಾತು ಕಲಿಸುವ ಚಿಕಿತ್ಸೆಗೆ, ಹೋಗಿಬರುವುದೆಂದರೆ ಒಂದು ದಿನದ ಕೆಲಸ ಬಿಟ್ಟಂತೆಯೇ. ಬಸ್ ಚಾರ್ಜು ಬೇರೆ, ಹೋದ ಕೂಲಿ ಬೇರೆ. ಅಷ್ಟಾಗಿಯೂ ಮಗುವಿಗೆ ಸಿಗುವುದು ಅರ್ಧ ತಾಸು, ಬಹಳ ಅಂದರೆ ಮುಕ್ಕಾಲು ತಾಸು. ಮೂರು ವರ್ಷದ ಮಗು ದಿನಕ್ಕೆ 12 ತಾಸು ಎಚ್ಚರವಿರುತ್ತದೆ ಎಂದುಕೊಂಡರೆ ವಾರಕ್ಕೆ 84 ತಾಸಾಯಿತು. ಥೆರಪಿಸ್ಟ್ ಎಷ್ಟೇ ಜಾಣರಿರಲಿ, ಉಳಿದ 83 ತಾಸು ಮಗು ಇರುವುದು ಅವ್ವ, ಆಯಿ, ಮುತ್ಯಾ, ಅಕ್ಕ, ಕಾಕಾ ಇವರ ನಡುವೆ. ಮಾತು ಬೆಳೆಯಬೇಕಾದದ್ದೂ ಅಲ್ಲೇ.

ಇಷ್ಟು ಕೇಳಿದ ಕೂಡಲೇ ಬಹಳ ಮನೆಗಳಲ್ಲಿ ಸಂಜೆಗೊಂದು ಶಾಲೆ ಶುರುವಾಗುತ್ತದೆ. ಗೋಡೆಗೆ ಚಾರ್ಟು, ಅದರ ಮುಂದೆ ಮಗು. “ಇದೇನು? ಹೇಳು. ಆನಿ ಅನ್ನು. ಹಂಗಲ್ಲ, ಸರಿಯಾಗಿ ಅನ್ನು.” ಮಾತಾಡುವುದೇ ಕಷ್ಟವಾಗಿರುವ ಮಗುವಿಗೆ ಇದು ದಿನಾ ಪರೀಕ್ಷೆ ಬರೆದಂತೆ. ಎರಡು ದಿನ ಏನೋ ಅಂದೀತು, ಮೂರನೇ ದಿನ ಚಾರ್ಟು ಕಂಡರೆ ಎದ್ದು ಓಡುತ್ತದೆ. ಆನೆಯ ಹೆಸರು ಬಂದು ಅದಕ್ಕೆ ಆಗಬೇಕಾದ್ದಾದರೂ ಏನು? ಅದಕ್ಕೆ ದಿನಾ ಬೇಕಾಗುವುದು “ಕೊಡು”, “ಬ್ಯಾಡ”, “ಬಾ”, “ನೀರು”, “ಇನ್ನಾ”. ಈ ಮಾತುಗಳು ಚಾರ್ಟಿನಲ್ಲಿಲ್ಲ. ಅಡುಗೆ ಮನೆಯಲ್ಲಿವೆ, ಬಚ್ಚಲಲ್ಲಿವೆ, ಕಿರಾಣಿ ಅಂಗಡಿಯಲ್ಲಿವೆ.

ಆದರೆ ಮನೆಗೆಲಸದಲ್ಲಿ ಮಗುವನ್ನು ಪಕ್ಕದಲ್ಲಿ ಕೂಡಿಸಿಕೊಂಡರೆ ಮಾತು ಬಂದುಬಿಡುತ್ತದೆ ಅಂತಲ್ಲ. ಮಾತು ತಡವಾದ ಮಗುವಿನ ಮನೆಯಲ್ಲಿ ದೊಡ್ಡವರು ಸಾಮಾನ್ಯವಾಗಿ ಎರಡು ಪಾಲು ಮಾತಾಡುತ್ತಾರೆ. ಕಾಳಜಿಯಿಂದಲೇ ಹಾಗೆ ಮಾಡುತ್ತಾರೆ. ಮಗು ಕೈ ಚಾಚುವುದಕ್ಕೆ ಮುಂಚೆ ನೀರು ಬಂದಿರುತ್ತದೆ, ಬಾಯಿ ತೆರೆಯುವುದಕ್ಕೆ ಮುಂಚೆ ಅಕ್ಕ ಉತ್ತರ ಕೊಟ್ಟಿರುತ್ತಾಳೆ. ಮಗುವಿಗೆ ಮಾತಾಡಲು ಸಂದೇ ಇಲ್ಲ. ಮನೆಯವರು ಕಲಿಯಬೇಕಾದ ಎಲ್ಲಕ್ಕಿಂತ ಕಷ್ಟದ ಪಾಠ ಕಾಯುವುದು. ಒಂದು ಸಣ್ಣ ಮಾತು ಆಡಿ, ಮಗುವಿನ ಮುಖ ನೋಡುತ್ತ ಮನಸ್ಸಿನಲ್ಲೇ ಒಂದರಿಂದ ಹತ್ತರವರೆಗೆ ಎಣಿಸಬೇಕು. ಐದಕ್ಕೆ ಬರುವಷ್ಟರಲ್ಲಿ ನಾಲಿಗೆ ತುರಿಸುತ್ತದೆ. ಮಾತಿಗೆ ತೊಡಕಿರುವ ಮಕ್ಕಳಿಗೆ ಕೇಳಿದ್ದನ್ನು ಅರ್ಥ ಮಾಡಿಕೊಂಡು ಬಾಯಿಗೆ ತರಲು ನಮಗಿಂತ ಎಷ್ಟೋ ಹೆಚ್ಚು ಹೊತ್ತು ಬೇಕಾಗುತ್ತದೆ. ನಾವು ಆರಕ್ಕೇ ಬಾಯಿ ಹಾಕಿದರೆ ಅದರ ಏಳನೇ ಎಣಿಕೆಯ ಮಾತು ಅಲ್ಲೇ ಉಳಿಯುತ್ತದೆ.

ಮೊದಲು ಕಿವಿ

ಮನೆಯಲ್ಲಿ ಏನು ಶುರು ಮಾಡುವುದಿದ್ದರೂ ಅದಕ್ಕೆ ಮುಂಚೆ ಕಿವಿಯ ಪರೀಕ್ಷೆ ಆಗಲೇಬೇಕು. “ತಟ್ಟೆ ಬಿದ್ದರೆ ತಿರುಗಿ ನೋಡ್ತಾನ, ಟಿವಿ ಹಾಡಿಗೆ ಕುಣೀತಾನ, ಕಿವಿ ಛಲೋ ಅದ” ಎನ್ನುವ ಮಾತನ್ನು ನಂಬಿ ಎಷ್ಟೋ ಮನೆಗಳಲ್ಲಿ ವರ್ಷಗಳೇ ಹೋಗಿವೆ. ತಟ್ಟೆಯ ಸದ್ದು ಜೋರು, ಅದರಲ್ಲಿ ದಪ್ಪ ಸಣ್ಣ ಎಲ್ಲ ಬಗೆಯ ಧ್ವನಿಯೂ ಬೆರೆತಿರುತ್ತದೆ. ಮಾತಿನೊಳಗಿನ ಸ, ಶ, ತ ಹಾಗಲ್ಲ, ಬಹಳ ಮೆತ್ತಗೆ, ತೆಳ್ಳಗೆ. ಅರ್ಧ ಕೇಳುವ ಮಗು ತಟ್ಟೆಗೆ ತಿರುಗುತ್ತದೆ, “ಸಕ್ಕರಿ” ಎನ್ನುವುದು ಅದಕ್ಕೆ “ಅ..ಅ..ಇ” ಎಂದು ಕೇಳುತ್ತದೆ. ಕೇಳಿದ್ದನ್ನೇ ತಾನೂ ಅನ್ನುತ್ತದೆ.

ಸಣ್ಣ ಮಕ್ಕಳಿಗೆ ಎರಡು ಪರೀಕ್ಷೆಗಳಿವೆ. ಒಇಎ ಕೆಲವೇ ನಿಮಿಷದ್ದು, ಕಿವಿಯಲ್ಲಿ ಸಣ್ಣ ಬಿರಡೆ ಇಟ್ಟು ಒಳಗಿವಿ ಸದ್ದಿಗೆ ಸ್ಪಂದಿಸುತ್ತದೆಯೇ ಎಂದು ನೋಡುತ್ತಾರೆ. ಕಿವಿಯ ಸದ್ದು ನರದ ಮೂಲಕ ಮೆದುಳಿಗೆ ಮುಟ್ಟುತ್ತದೆಯೇ ಎಂದು ನೋಡುವ ಬೆರಾ ಪರೀಕ್ಷೆಗೆ ಮಗು ಅಲುಗಾಡದೆ ಮಲಗಿರಬೇಕು. ಊರಿಂದ ಬರುವವರಿಗೆ ತೊಂದರೆ ಆಗುವುದು ಇಲ್ಲೇ. ಬಸ್ಸಿನಲ್ಲಿ ಮಗು ಎರಡು ತಾಸು ನಿದ್ದೆ ಹೊಡೆದು, ಪರೀಕ್ಷೆಯ ಕೋಣೆಯಲ್ಲಿ ಆಟಕ್ಕೆ ಇಳಿಯುತ್ತದೆ, ಇನ್ನೊಂದು ದಿನ ಬನ್ನಿ ಅನ್ನಿಸಿಕೊಂಡು ವಾಪಸು. ಆ ದಿನ ಬೆಳಗ್ಗೆ ಬೇಗ ಎಬ್ಬಿಸಿ, ದಾರಿಯಲ್ಲಿ ಮಲಗಲು ಬಿಡದೆ ಕರೆದುಕೊಂಡು ಬನ್ನಿ. ಮಲಗಿಸಲು ಔಷಧಿ ಕೊಡುತ್ತಾರೋ, ಕೊಟ್ಟರೆ ಎಷ್ಟು ತಾಸು ಮುಂಚೆ ಹಾಲು ಊಟ ನಿಲ್ಲಿಸಬೇಕು ಎಂದು ಫೋನಿನಲ್ಲೇ ಕೇಳಿಕೊಳ್ಳಿ. ನೆಗಡಿಯಾದಾಗ ಕಿವಿಯ ತಮಟೆಯ ಹಿಂದೆ ನೀರು ನಿಂತು ತಿಂಗಳುಗಟ್ಟಲೆ ಮಂದವಾಗಿ ಕೇಳುವುದೂ ಉಂಟು. ನೋವಿರುವುದಿಲ್ಲವಾದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಕಿವಿ ಸೋರುತ್ತಿದ್ದರೆ ಬೆಚ್ಚಗಿನ ಎಣ್ಣೆ ಬಿಡುವ ರೂಢಿ ನಮ್ಮ ಕಡೆ ಇನ್ನೂ ಇದೆ, ಅದು ಬೇಡ. ಸೋದರಮಾವ ಅಥವಾ ಅತ್ತಿಯ ಮಗನನ್ನು ಮದುವೆಯಾದ ಮನೆತನಗಳಲ್ಲಿ ಹುಟ್ಟಿನಿಂದ ಬರುವ ಕಿವುಡುತನದ ಸಾಧ್ಯತೆ ಹೆಚ್ಚು. ಅಲ್ಲಿ ಮಗು ಹುಟ್ಟಿದಾಗಲೇ ಪರೀಕ್ಷೆ ಮಾಡಿಸಬೇಕು.

“ಅವರಪ್ಪನೂ ನಾಕು ವರ್ಷಕ್ಕೇ ಮಾತಾಡಿದ್ದು” ಎನ್ನುವ ಸಮಾಧಾನ ನಮ್ಮಲ್ಲಿ ಪ್ರತಿ ಮನೆಯಲ್ಲೂ ಸಿಗುತ್ತದೆ. ತಡವಾಗಿ ಶುರು ಮಾಡಿ ತಾವಾಗಿಯೇ ಸರಿಹೋಗುವ ಮಕ್ಕಳಿದ್ದಾರೆ, ಸುಳ್ಳಲ್ಲ. ಆದರೆ ಯಾವ ಮಗು ಹಾಗೆ ಸರಿಹೋಗುತ್ತದೆ ಎಂದು ಎರಡು ವರ್ಷಕ್ಕೆ ಯಾರೂ ಖಚಿತವಾಗಿ ಹೇಳಲಾರರು. ಒಂದು ವರ್ಷಕ್ಕೆ “ಬಾಬಾ ದಾದಾ” ಎಂಬ ಗುನುಗು ಇಲ್ಲ, ಬೆರಳು ಮಾಡಿ ತೋರಿಸುವುದಿಲ್ಲ, ಒಂದೂವರೆ ವರ್ಷಕ್ಕೆ ಒಂದೂ ಪದವಿಲ್ಲ, ಎರಡು ವರ್ಷಕ್ಕೆ “ಅವ್ವಾ ಬಾ” ಎಂಬಂತೆ ಎರಡು ಪದ ಕೂಡಿಸುವುದಿಲ್ಲ ಎಂದಾದರೆ ತೋರಿಸಬೇಕು. ಮೂರು ವರ್ಷಕ್ಕೆ ಹೊರಗಿನವರಿಗೆ ಮಗುವಿನ ಮಾತಿನಲ್ಲಿ ಮುಕ್ಕಾಲು ಪಾಲು, ನಾಲ್ಕಕ್ಕೆ ಹೆಚ್ಚುಕಡಿಮೆ ಎಲ್ಲವೂ ತಿಳಿಯಬೇಕು. ಇದ್ದ ಮಾತು ಹೋಯಿತು ಎಂದರೆ, ಯಾವ ವಯಸ್ಸೇ ಆಗಲಿ, ಆ ವಾರವೇ ವೈದ್ಯರ ಹತ್ತಿರ ಹೋಗಬೇಕು.

ಹರಕೆ ಹೊರುವವರು ಹೊರಲಿ. ಶರಣಬಸವೇಶ್ವರ ಗುಡಿಗೆ, ಬಂದೇನವಾಜ್ ದರ್ಗಾಕ್ಕೆ ಮಗುವನ್ನು ಕರೆದುಕೊಂಡು ಹೋಗುವ ತಾಯಿಯ ನಂಬಿಕೆ ದೊಡ್ಡದು. ಕಲಬುರಗಿಗೆ ಬಂದ ಅದೇ ದಿನ ಕಿವಿಯ ಪರೀಕ್ಷೆಗೂ ಸಮಯ ಇಟ್ಟುಕೊಳ್ಳಲಿ ಎಂಬುದಷ್ಟೇ ಕೋರಿಕೆ.

ಹಂಚಿನ ಮುಂದೆ

ನಮ್ಮ ಮೂರೂ ಜಿಲ್ಲೆಗಳ ಮನೆಗಳಲ್ಲಿ ಮಾತು ಕಲಿಸಲು ಜೋಳದ ರೊಟ್ಟಿಯ ಹೊತ್ತಿಗಿಂತ ಒಳ್ಳೆಯದು ಬೇರೆ ಇಲ್ಲ. ದಿನಾ ನಡೆಯುತ್ತದೆ, ಒಂದೇ ಕ್ರಮದಲ್ಲಿ ನಡೆಯುತ್ತದೆ, ಮತ್ತೆ ಮತ್ತೆ ನಡೆಯುತ್ತದೆ. ಆರು ಜನರ ಮನೆಗೆ ಒಂದು ಹೊತ್ತಿಗೆ 15 ರೊಟ್ಟಿ ಆದರೂ ಬೇಕು. ಅಂದರೆ ಅದೇ ನಾಲ್ಕು ಪದಗಳು ಬೇಸರವಿಲ್ಲದೆ 15 ಸಲ ಬರುತ್ತವೆ. ಬಾಯಿಯ ಚಲನೆ ರೂಢಿಯಾಗುವುದು ಹೀಗೆ ಸಲಸಲಕ್ಕೂ ಬಂದಾಗಲೇ.

ಮಗುವನ್ನು ಎಲ್ಲಿ ಕೂಡಿಸುತ್ತೀರಿ ಎನ್ನುವುದು ಮುಖ್ಯ. ಬೆನ್ನ ಹಿಂದೆ ಕೂತರೆ ನಿಮ್ಮ ಬಾಯಿ ಕಾಣುವುದಿಲ್ಲ. ಒಲೆಯಿಂದ ಮೂರು ಅಡಿಯಾದರೂ ದೂರ, ನಿಮ್ಮ ಎದುರು ಓರೆಯಾಗಿ, ನಿಮ್ಮ ಮುಖದ ಮೇಲೆ ಬೆಳಕು ಬೀಳುವ ಹಾಗೆ ಇರಬೇಕು. ಕಿಟಕಿ ನಿಮ್ಮ ಬೆನ್ನಿಗಿದ್ದರೆ ಮಗುವಿಗೆ ಕಾಣುವುದು ಕಪ್ಪು ಮುಖ, ತುಟಿಯಲ್ಲ. ನಿಂತು ರೊಟ್ಟಿ ಮಾಡುವ ಕಟ್ಟೆಯಾದರೆ ಮಗುವಿಗೆ ಎತ್ತರದ, ಅಲುಗದ ಕುರ್ಚಿ ಬೇಕು. ಅದಕ್ಕೂ ನಿಂಬೆಹಣ್ಣಿನಷ್ಟು ನಾದಿದ ಹಿಟ್ಟು, ಒಂದು ತಟ್ಟೆ, ಚಿಟಿಕೆ ಒಣಹಿಟ್ಟು ಕೊಡಿ. ಕೈಗೆ ಕೆಲಸವಿದ್ದರೆ ಕೂಡುತ್ತದೆ.

ಮೊದಲ ವಾರ ಮಗುವಿನಿಂದ ಏನೂ ಕೇಳಬೇಡಿ. ಮಾಡುವುದನ್ನೇ ಒಂದೊಂದು ಪದದಲ್ಲಿ ಹೇಳುತ್ತ ಹೋಗಿ, ದಿನಾ ಅದೇ ಪದ, ಅದೇ ರಾಗ. ಉಂಡೆ ಇಟ್ಟು “ಬಡಿ ಬಡಿ ಬಡಿ”. ಹಂಚಿಗೆ ಹಾಕಿ “ಹಾಕು”. ಮೇಲೆ ನೀರು ಸವರಿ “ನೀರು”. ಉಬ್ಬಿದಾಗ ಕಣ್ಣರಳಿಸಿ “ಉಬ್ಬಿತು!” ಇದರಲ್ಲಿ ಮೂರು ಪದಕ್ಕೆ ಬಾಯಿ ಕಣ್ಣಿಗೆ ಕಾಣುವಂತೆ ಚಲಿಸುತ್ತದೆ. “ಬಡಿ” ಮತ್ತು “ಉಬ್ಬಿತು” ಎನ್ನುವಾಗ ತುಟಿ ಕೂಡುತ್ತವೆ, “ಹಾಕು” ಎನ್ನುವಾಗ ಬಾಯಿ ತೆರೆಯುತ್ತದೆ. ಮಕ್ಕಳಿಗೆ ನೋಡಿ ಕಲಿಯಲು ತುಟಿಯ ಅಕ್ಷರಗಳು ಸುಲಭ.

ಎರಡನೇ ವಾರ ಕ್ರಮವನ್ನು ನಡುವೆ ತಡೆಯಿರಿ. ಉಂಡೆ ಪರಾತದಲ್ಲಿಟ್ಟು, ಕೈ ಎತ್ತಿ, “ಬ...” ಎಂದು ತುಟಿ ಕೂಡಿಸಿ ನಿಲ್ಲಿಸಿ. ಮಗುವಿನ ಮುಖ ನೋಡಿ. ಹತ್ತು ಎಣಿಸಿ. ಮಗು ನಿಮ್ಮ ಕೈ ನೋಡಿ, ನಿಮ್ಮ ಮುಖ ನೋಡಿ, ತನ್ನ ಕೈಯನ್ನು ತಟ್ಟೆಗೆ ಬಡಿಯಬಹುದು. “ಬ” ಎನ್ನಬಹುದು. “ಅ” ಎನ್ನಬಹುದು. ಇವಷ್ಟೂ ಮಾತೇ. ಆ ಕ್ಷಣವೇ “ಹೌದು, ಬಡಿ!” ಎಂದು ಬಡಿಯಲು ಶುರು ಮಾಡಿ. ಏನೂ ಬರಲಿಲ್ಲವೆಂದರೆ ಹತ್ತಾದ ಮೇಲೆ ನೀವೇ “ಬಡಿ” ಎಂದು ಮುಂದುವರಿಯಿರಿ, ಮುಖ ಸಣ್ಣ ಮಾಡಬೇಡಿ. ಮುಂದಿನ ಉಂಡೆ ಹೇಗೂ ಇದೆ.

ಕಾಯುವ ಆಟವನ್ನು ಉಂಡೆ ಪರಾತದಲ್ಲಿದ್ದಾಗಲೇ ಆಡಬೇಕು. ರೊಟ್ಟಿ ಹಂಚಿನ ಮೇಲೆ ಹೋದಮೇಲೆ ಕಾದರೆ ಸೀಯುತ್ತದೆ, ಆ ಅವಸರಕ್ಕೆ ನೀವೇ ಎಣಿಕೆ ಬಿಟ್ಟುಬಿಡುತ್ತೀರಿ. ಬಡಿದಿಟ್ಟು ಕಾದರೆ ಅಂಚು ಒಣಗಿ ಸೀಳುತ್ತದೆ. 15ರಲ್ಲಿ ಐದು ರೊಟ್ಟಿಗೆ ಮಾತ್ರ ತಡೆದು ಕಾಯಿರಿ, ಉಳಿದ ಹತ್ತು ಸರಾಗವಾಗಿ ನಡೆಯಲಿ. ಪ್ರತಿ ರೊಟ್ಟಿಗೂ ತಡೆದರೆ ಮಗುವಿಗೆ ಸಿಟ್ಟು ಬರುತ್ತದೆ, ಮನೆಯವರಿಗೆ ಊಟ ತಡವಾಗುತ್ತದೆ, ನಾಲ್ಕನೇ ದಿನಕ್ಕೆ ಈ ಪದ್ಧತಿಯೇ ನಿಂತುಹೋಗುತ್ತದೆ.

ಪದ ಬರಲು ಶುರುವಾದ ಮೇಲೆ ಮಗು ಹೇಳಿದ್ದಕ್ಕೆ ಒಂದೇ ಒಂದು ಪದ ಸೇರಿಸಿ ತಿರುಗಿ ಹೇಳಿ. ಮಗು “ಒಟ್ಟಿ” ಎಂದರೆ ನೀವು “ಬಿಸಿ ರೊಟ್ಟಿ”. ಮಗು “ಬಿಸಿ ಒಟ್ಟಿ” ಎಂದರೆ “ಬಿಸಿ ರೊಟ್ಟಿ ಕೊಡು”. “ನೋಡಪಾ ತಮ್ಮಾ, ರೊಟ್ಟಿ ಎಷ್ಟ್ ಛಂದ ಉಬ್ಬ್ಯಾದ, ಮುತ್ಯಾಗ ಕೊಡೋಣು?” ಎಂಬ ಉದ್ದನೆಯ ಮಾತು ಪ್ರೀತಿಯದ್ದೇ, ಆದರೆ ಮಗು ಅದರಿಂದ ಹಿಡಿದುಕೊಳ್ಳಲು ಒಂದೂ ಕೊನೆ ಸಿಗುವುದಿಲ್ಲ. “ಒಟ್ಟಿ” ಎಂದಿದ್ದಕ್ಕೆ “ರೊಟ್ಟಿ ಅನ್ನು, ರೊ, ರೊ” ಎಂದು ಜಗ್ಗಬೇಡಿ. ರಕಾರ ಕೊನೆಗೆ ಬರುವ ಅಕ್ಷರಗಳಲ್ಲೊಂದು.

ಯಾವ ಅಕ್ಷರ ಮೊದಲು

ಕನ್ನಡದ ಮಕ್ಕಳಿಗೆ ಪ, ಬ, ಮ ಮೊದಲು ಕೂಡಿಬರುತ್ತವೆ, ಜೊತೆಗೆ ತ, ದ, ನ. ಆಮೇಲೆ ಕ, ಗ. ಲ, ವ, ಚ, ಸ ನಿಧಾನಕ್ಕೆ. ರ, ಳ, ಶ ಮತ್ತು ಒತ್ತಕ್ಷರಗಳು ಇನ್ನೂ ತಡ. ಅಪ್ಪ, ಅವ್ವ, ಅಕ್ಕ ಇಂಥ ದ್ವಿತ್ವಗಳು ಮಾತ್ರ ಬೇಗ ಬರುತ್ತವೆ, ನಮ್ಮ ಭಾಷೆ ಮಕ್ಕಳಿಗೆ ಕೊಟ್ಟ ಉಪಕಾರ ಅದು. ಮನೆಯವರು ಸಾಮಾನ್ಯವಾಗಿ ಎಲ್ಲಕ್ಕಿಂತ ಕಿವಿಗೆ ಬೀಳುವ ರಕಾರದ ಬೆನ್ನು ಹತ್ತುತ್ತಾರೆ. ಮೂರು ವರ್ಷದ ಮಗು “ಕಾಕಾ”ನಿಗೆ “ತಾತಾ” ಎನ್ನುತ್ತಿದ್ದರೆ ಮೊದಲು ನೋಡಬೇಕಾದದ್ದು ಕಕಾರ. ಆ ತಪ್ಪೂ ಮೂರೂವರೆ ವರ್ಷದ ತನಕ ಬಹಳ ಮಕ್ಕಳಲ್ಲಿ ಇರುವಂಥದ್ದೇ. ಇನ್ನು “ಹಾಲು” ಎನ್ನದೆ “ಆಲು” ಅನ್ನುವುದು, “ಹೋಯಿತು” ಎನ್ನದೆ “ಹ್ವಾತು” ಅನ್ನುವುದು ಮನೆಯವರೆಲ್ಲ ಆಡುವ ಮಾತೇ ಆಗಿದ್ದರೆ ಅದು ದೋಷವಲ್ಲ. ಪುಸ್ತಕದ ಕನ್ನಡ ಹಿಡಿದು ಮಗುವಿನ ತಪ್ಪು ಎಣಿಸಬಾರದು.

ಕಕಾರ ಹೊರಡಲು ನಾಲಿಗೆಯ ಹಿಂಭಾಗ ಮೇಲೆದ್ದು ಬಾಯಿಯ ಅಂಗುಳಕ್ಕೆ ತಾಗಬೇಕು. “ತ” ಅನ್ನುವ ಮಗುವಿನ ನಾಲಿಗೆ ಮುಂದಕ್ಕೇ ಓಡುತ್ತದೆ. ಅಂಗಾತ ಮಲಗಿದಾಗ ನಾಲಿಗೆ ತನ್ನ ಭಾರಕ್ಕೆ ತುಸು ಹಿಂದೆ ಸರಿಯುತ್ತದೆ, ಆಗ “ಕ” ಸುಲಭ. ನಮ್ಮ ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಮಾಳಗಿಯ ಮೇಲೆ ಹಾಸಿಕೊಂಡು ಮಲಗುತ್ತಾರಲ್ಲ, ಆ ಹೊತ್ತು ಇದಕ್ಕೆ ಒದಗುತ್ತದೆ. “ಕ್, ಕ್” ಎಂದು ಬರೀ ಅಕ್ಷರ ಅನ್ನಿಸುವುದಕ್ಕಿಂತ “ಅಕ್ಕ” ಒಳ್ಳೆಯದು. “ಅ” ಎಂದು ಬಾಯಿ ತೆರೆದಾಗ ನಾಲಿಗೆಯ ತುದಿ ಕೆಳಗಿರುತ್ತದೆ, ಅಲ್ಲಿಂದ “ಕ್ಕ”ಗೆ ಏರುವುದು ಹತ್ತಿರ. ಪಕ್ಕದ ಹಾಸಿಗೆಯಲ್ಲಿರುವ ಅಕ್ಕನನ್ನು ಕರೆಯುವ ಆಟ ಮಾಡಿ. “ಅಕ್ಕಾ!” ಎಂದರೆ ಅಕ್ಕ “ಓ” ಅನ್ನಬೇಕು. “ಅತ್ತಾ” ಎಂದರೂ ಅವಳು “ಓ” ಎನ್ನಲಿ, ಅವ್ವ ಮೆತ್ತಗೆ “ಅಕ್ಕಾ” ಎಂದು ಒಂದು ಸಲ ಹೇಳಲಿ. ಮರುದಿನ ಬೆಳಗ್ಗೆ ಕೂತು ನಿಂತು ಹೇಳಿದಾಗ ಮತ್ತೆ “ಅತ್ತಾ” ಆಗುವುದು ಸಹಜ. ಮಲಗಿ ಬಂದದ್ದು ಒರಗಿ ಕೂತಾಗ ಬರಬೇಕು, ಆಮೇಲೆ ನೆಟ್ಟಗೆ ಕೂತಾಗ, ಕೊನೆಗೆ ಓಡಾಡುವಾಗ. ಕತ್ತಲಲ್ಲಿ ನಿಮ್ಮ ಬಾಯಿ ಕಾಣದು ಎನ್ನುವುದು ನೆನಪಿರಲಿ. ತುಟಿಯ ಅಕ್ಷರಗಳಿಗೆ ಹಗಲೇ ಬೇಕು.

ಮಗು ತಪ್ಪಾಗಿ ಅಂದಾಗ ತಿದ್ದುವ ಒಳ್ಳೆಯ ರೀತಿ ಒಂದೇ. ಸರಿಯಾದ ಪದವನ್ನು ಎರಡು ಮೂರು ಸಲ, ಮಾತಿನ ನಡುವೆಯೇ, ಸ್ವಲ್ಪ ಎಳೆದು ಹೇಳಿಬಿಡುವುದು. “ತಾಗಿ” ಎಂದರೆ “ಹೌದು, ಕಾಗಿ! ಕಾಗಿ ಹಾರಿತು.” ತಿರುಗಿ ಹೇಳು ಅನ್ನಬೇಡಿ. ಮುದ್ದಿನಿಂದ ನೀವೂ “ತಾಗಿ” ಅನ್ನಬೇಡಿ. ಮನೆಗೆ ಬಂದವರ ಮುಂದೆ “ಮಾಮಾಗ ಕಾಗಿ ಅಂತ ಹೇಳಿ ತೋರ್ಸು” ಎಂದು ನಿಲ್ಲಿಸುವುದಂತೂ ಬೇಡವೇ ಬೇಡ.

ಒಂದೇ ಪದ ಮೂರು ರೀತಿ

ಕೆಲವು ಮಕ್ಕಳ ತಪ್ಪಿಗೆ ಒಂದು ನಿಯಮವಿರುವುದಿಲ್ಲ. “ಬಾಳಿಹಣ್ಣು” ಒಂದು ಸಲ “ಬಾಹೈ”, ಮರುಕ್ಷಣ “ಆಣ್ಣು”, ಆಮೇಲೆ “ಮಾಬು”. ಬಾಯಿ ತಡಕಾಡುತ್ತದೆ, ಸ್ವರಗಳೂ ತಪ್ಪುತ್ತವೆ, ಪದ ಉದ್ದವಾದಷ್ಟೂ ಕಷ್ಟ ಹೆಚ್ಚು. ಹಿಂದಿನ ದಿನ ಸ್ಪಷ್ಟವಾಗಿ ಬಂದ “ಅವ್ವಾ” ಮರುದಿನ ಕರೆದರೂ ಬರುವುದಿಲ್ಲ. ಮನೆಯವರು ಇದನ್ನು ಹಟ ಎಂದುಕೊಂಡು ಬಿಡುತ್ತಾರೆ. ಹಟವಲ್ಲ ಅದು. ತುಟಿ ನಾಲಿಗೆಗಳಲ್ಲಿ ಶಕ್ತಿ ಇದ್ದೂ ಅವುಗಳ ಚಲನೆಯನ್ನು ಮೆದುಳು ಸಾಲಾಗಿ ಜೋಡಿಸಿಕೊಡಲು ಆಗದಿರುವ ಸ್ಥಿತಿ, ವೈದ್ಯಕೀಯದಲ್ಲಿ ಅಪ್ರಾಕ್ಸಿಯಾ ಎನ್ನುತ್ತಾರೆ. ಇದನ್ನು ಗುರುತಿಸುವುದು ಥೆರಪಿಸ್ಟ್ ಕೆಲಸ, ನಾವು ನೀವು ಹೆಸರಿಡಬಾರದು. ಆದರೆ ಮನೆಯ ಅಭ್ಯಾಸ ಈ ಮಕ್ಕಳಿಗೆ ಬೇಕಾದಷ್ಟು ಬೇರೆ ಯಾರಿಗೂ ಬೇಡ.

ಐದು ಪದ ಸಾಕು. ಥೆರಪಿಸ್ಟ್ ಜೊತೆ ಕೂತು ಆರಿಸಿ. ದಿನಕ್ಕೆ ಬೇಕಾಗುವ, ಎರಡಕ್ಷರ ಮೀರದ, ಒಂದಕ್ಕೊಂದು ಬೇರೆಯಾಗಿ ಕೇಳುವ ಪದಗಳಿರಲಿ: ಬಾ, ಅವ್ವಾ, ಬ್ಯಾಡ, ಇನ್ನಾ, ಕೊಡು. ಐದು ನಿಮಿಷದಂತೆ ದಿನಕ್ಕೆ ನಾಲ್ಕು ಸಲ ಮಾಡುವುದು ಒಟ್ಟಿಗೆ 20 ನಿಮಿಷ ಕೂಡಿಸುವುದಕ್ಕಿಂತ ಲೇಸು. ಮುಖಕ್ಕೆ ಮುಖ ಮಾಡಿ, ಇಬ್ಬರೂ ಕೂಡಿ, ನಿಧಾನವಾಗಿ ಎಳೆದು “ಬಾ...”. ಕೂಡಿ ಹೇಳುವುದು ಹಗುರವಾದ ಮೇಲೆ ನೀವು ಧ್ವನಿ ಬಿಟ್ಟು ಬರೀ ಬಾಯಿ ಆಡಿಸಿ, ಮಗು ಧ್ವನಿ ಕೊಡಲಿ. ಅದಾದ ಮೇಲೆ ನೀವು ಹೇಳಿ ಮುಗಿಸಿ, ಮಗು ಹಿಂದಿಂದೆ ಹೇಳಲಿ. ಕೊನೆಗೆ ಯಾರೂ ಹೇಳಿಕೊಡದೆ, ಬಾಗಿಲಲ್ಲಿ ನಿಂತ ಅಪ್ಪನಿಗೆ “ಬಾ”. ಒಂದು ಮೆಟ್ಟಿಲು ತಪ್ಪಿದರೆ ಹಿಂದಿನದಕ್ಕೆ ಇಳಿಯಿರಿ, ಅಲ್ಲಿ ಮತ್ತೆ ಎರಡು ದಿನ. “ಬ್” ಎಂದು ಬಿಡಿ ಅಕ್ಷರ ಕಲಿಸಿ ಉಪಯೋಗವಿಲ್ಲ, ಈ ಮಕ್ಕಳಿಗೆ ಕಷ್ಟವಿರುವುದು ಒಂದು ಸದ್ದಿನಿಂದ ಇನ್ನೊಂದಕ್ಕೆ ದಾಟುವಲ್ಲಿ.

ಐದರಲ್ಲಿ “ಬ್ಯಾಡ” ಮೊದಲು ಬರಲಿ ಎನ್ನುವುದು ನಮ್ಮ ಅಭಿಪ್ರಾಯ. ಬೇಡ ಎನ್ನಲು ಬಾರದ ಮಗು ಕಚ್ಚುತ್ತದೆ, ತಟ್ಟೆ ಎಸೆಯುತ್ತದೆ, ನೆಲಕ್ಕೆ ಬಿದ್ದು ಹೊರಳುತ್ತದೆ. “ಬ್ಯಾ” ಎಂದರೂ, ತಲೆ ಅಲ್ಲಾಡಿಸಿದರೂ ಆ ಕ್ಷಣ ತುತ್ತು ಹಿಂದಕ್ಕೆ ತೆಗೆಯಿರಿ. ತನ್ನ ಮಾತಿಗೆ ಬೆಲೆ ಇದೆ ಎಂದು ಗೊತ್ತಾದ ಮಗು ಮುಂದಿನ ಮಾತಿಗೆ ತಾನೇ ಬರುತ್ತದೆ.

ಮಾತು ಬರುವ ತನಕ ಕೈಸನ್ನೆ, ಫೋಟೊ ಎಲ್ಲ ಬಳಸಿ. ಮನೆಯದೇ ತಂಬಿಗಿ, ಮನೆಯದೇ ಬಾಗಿಲು, ಚಪ್ಪಲಿ, ಬಚ್ಚಲು, ಹಾಸಿಗೆ, ಅವ್ವ, ಮುತ್ಯಾ ಇವರ ಫೋಟೊ ಮೊಬೈಲಿನಲ್ಲಿ ತೆಗೆದು, ಎಂಟು ಹತ್ತನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಲ್ಯಾಮಿನೇಷನ್ ಮಾಡಿಸಿ. ಮಗುವಿನ ಕಣ್ಣಿನ ಎತ್ತರಕ್ಕೆ ಗೋಡೆಗೆ ತೂಗುಹಾಕಿ. ಮಗು ತಂಬಿಗಿ ತೋರಿಸಿದರೆ “ನೀರು” ಎಂದು ಹೇಳಿ ನೀರು ಕೊಡಿ. ಚಿತ್ರ ತೋರಿಸಲು ರೂಢಿಯಾದರೆ ಮಾತೇ ಆಡುವುದಿಲ್ಲ ಎಂಬ ಭಯ ಎಲ್ಲರಿಗೂ ಇರುತ್ತದೆ, ಆಧಾರವಿಲ್ಲದ ಭಯ. ಚಿತ್ರ, ಸನ್ನೆ ಮಾತಿಗೆ ಅಡ್ಡ ಬರುವುದಿಲ್ಲ, ಎಷ್ಟೋ ಮಕ್ಕಳಿಗೆ ಅವೇ ದಾರಿ ಮಾಡಿಕೊಡುತ್ತವೆ.

ಬಚ್ಚಲು, ಅಂಗಡಿ, ತೊಗರಿಕಾಯಿ

ಸ್ನಾನದಲ್ಲಿ ತಂಬಿಗಿ ಎತ್ತಿ ಹಿಡಿದು ಕಾದು, ಮಗು ಏನಾದರೂ ಅಂದ ಮೇಲೆ “ಹಾಕು” ಎಂದು ನೀರು ಹಾಕಿ. ಬಟ್ಟೆ ತೊಡಿಸುವಾಗ ಎರಡು ಅಂಗಿ ತೋರಿಸಿ “ಕೆಂಪು? ಹಸಿರು?” ಎಂದು ಕೇಳಿ. ಹೌದು-ಇಲ್ಲ ಎಂದು ಮುಗಿಯುವ ಪ್ರಶ್ನೆಗಿಂತ ಆಯ್ಕೆ ಒಳ್ಳೆಯದು, ಉತ್ತರದ ಪದ ನಿಮ್ಮ ಬಾಯಿಂದಲೇ ಮಗುವಿಗೆ ಸಿಕ್ಕಿರುತ್ತದೆ.

ಚಳಿಗಾಲದಲ್ಲಿ ಹಸಿ ತೊಗರಿಕಾಯಿ ಕುದಿಸಿ ಎಲ್ಲರೂ ಸುತ್ತ ಕೂತು ಸುಲಿಯುವ ಹೊತ್ತು ಸರದಿ ಕಲಿಸಲು ತಕ್ಕದ್ದು. ಬುಟ್ಟಿ ನಿಮ್ಮ ಹತ್ತಿರವಿರಲಿ, ಒಂದೊಂದೇ ಕಾಯಿ ಕೊಡಿ. “ಕೊಡು”, “ತಗಿ”, “ಇನ್ನಾ”, ಕೊನೆಗೆ “ಖಾಲಿ”. ಸುಲಿದ ಕಾಳು ತಟ್ಟೆಗೆ ಬೀಳಲಿ, ಸಣ್ಣ ಮಗುವಿನ ಬಾಯಿಗೆ ಬೇಡ. ಇಡೀ ಶೇಂಗಾ, ಕಾಳುಗಳು ನಾಲ್ಕು ವರ್ಷದೊಳಗಿನ ಮಕ್ಕಳ ಶ್ವಾಸಕ್ಕೆ ಸಿಕ್ಕಿಕೊಳ್ಳುವ ಅಪಾಯವಿದೆ. ಅಗಿಯುವುದು, ನುಂಗುವುದು ಕಷ್ಟವಿರುವ ಮಗುವಾದರೆ ಇನ್ನೂ ಹೆಚ್ಚು.

ಕಿರಾಣಿ ಅಂಗಡಿಗೆ ಹೋಗುವ ಮುಂಚೆ ಅಂಗಡಿಯವರಿಗೆ ಒಂದು ಮಾತು ಹೇಳಿಟ್ಟಿರಿ: “ಅಣ್ಣಾರ, ಇವ ಕೇಳೋತನಕ ಸ್ವಲ್ಪ ತಡೀರಿ.” ಗಿರಾಕಿ ಕಡಿಮೆ ಇರುವ ಮಧ್ಯಾಹ್ನ ಹೋಗಿ, ಒಂದೇ ಸಾಮಾನು ಕೇಳಿಸಿ. “ಬಿಕ್ಕಿ ಕೊಡ್ರಿ” ಎಂದರೆ ಬಿಸ್ಕಿಟ್ ಸಿಗಬೇಕು. ಹೊರಗಿನವರು ತನ್ನ ಮಾತು ತಿಳಿದುಕೊಂಡರು ಎನ್ನುವುದಕ್ಕಿಂತ ದೊಡ್ಡ ಹುರುಪು ಮಗುವಿಗೆ ಬೇರೆ ಇಲ್ಲ.

ಕಾಯುವುದು ಬೇರೆ, ಸತಾಯಿಸುವುದು ಬೇರೆ. “ನೀರು ಅನ್ನು, ಅಂದ್ರ ಕೊಡ್ತೀನಿ” ಎಂದು ಬಾಯಾರಿದ ಮಗುವಿನ ಮುಂದೆ ತಂಬಿಗಿ ಹಿಡಿದು ಕೂಡುವುದನ್ನು ಥೆರಪಿ ಎಂದು ತಿಳಿದವರಿದ್ದಾರೆ. ದಯವಿಟ್ಟು ಮಾಡಬೇಡಿ. ಮಗುವಿಗೆ ಆಗುತ್ತಿಲ್ಲ, ಬೇಕಂತ ಬಿಟ್ಟಿಲ್ಲ. ಹತ್ತು ಎಣಿಕೆ ಮುಗಿದರೆ ಕೊಟ್ಟುಬಿಡಿ, ಕೊಡುವಾಗ ಪದ ಹೇಳಿ. ಹಸಿವು, ನಿದ್ದೆ, ಜ್ವರ ಇದ್ದಾಗ ಯಾವ ಆಟವೂ ಬೇಡ.

ಊದುವುದು, ಬಜೆ, ಮೊಬೈಲು

ಮೇಣದಬತ್ತಿ ಊದಿಸುವುದು, ಪೀಪಿ ಊದಿಸುವುದು, ನಾಲಿಗೆಯನ್ನು ಮೂಗಿಗೆ ತಾಗಿಸುವುದು ಇವುಗಳಿಂದ ಮಾತು ಬರುತ್ತದೆ ಎಂದು ಇವತ್ತಿಗೂ ಹೇಳುವವರಿದ್ದಾರೆ. ಊದಿದರೆ ಊದಲು ಬರುತ್ತದೆ. ಮಾತಿಗೆ ಬೇಕಾದ ಚಲನೆ ಮಾತಾಡಿಯೇ ಬರಬೇಕು. ಸೀಳು ಅಂಗುಳದ ಶಸ್ತ್ರಚಿಕಿತ್ಸೆಯಾದ ಮಕ್ಕಳಿಗೂ ಊದಿಸುವುದರಿಂದ ಮೂಗಿನ ಮಾತು ಸರಿಯಾಗುವುದಿಲ್ಲ. ಬಜೆ ತೇದು ನಾಲಿಗೆಗೆ ಹಚ್ಚಿದರೆ ಮಾತು ಬರುವುದಿಲ್ಲ, ಜೇನುತುಪ್ಪವಂತೂ ಒಂದು ವರ್ಷದೊಳಗೆ ಅಪಾಯಕಾರಿ. ನಾಲಿಗೆಯ ಕೆಳಗಿನ ತೆಳು ಪೊರೆ ಬಿಗಿಯಾಗಿದ್ದರೆ ಎದೆಹಾಲು ಚೀಪಲು ಕಷ್ಟವಾದೀತು, ಒಂದೆರಡು ಅಕ್ಷರ ಅಸ್ಪಷ್ಟವಾದೀತು, ಆದರೆ ಎರಡೂವರೆ ವರ್ಷಕ್ಕೆ ಮಾತೇ ಶುರುವಾಗದಿರಲು ಅದು ಕಾರಣವಲ್ಲ. ಅದನ್ನು ಕೊಯ್ಯಿಸಿ, ಮಾತು ಬಂದೀತೆಂದು ಮತ್ತೊಂದು ವರ್ಷ ಕಾಯುವುದೇ ದೊಡ್ಡ ನಷ್ಟ.

ಮೊಬೈಲಿನ ಹಾಡು ಮಗುವಿಗಾಗಿ ಕಾಯುವುದಿಲ್ಲ. ಮಗು ಅಂದರೂ ಅನ್ನದಿದ್ದರೂ ಅದು ಮುಂದೆ ಹೋಗುತ್ತದೆ. ತಂದೆತಾಯಿ ದುಡಿಯಲು ಬೆಂಗಳೂರಿಗೋ ಪುಣೆಗೋ ಹೋಗಿ ಮಗು ಆಯಿಯ ಹತ್ತಿರ ಇರುವ ಮನೆಗಳಲ್ಲಿ ಮೊಬೈಲನ್ನು ಪೂರ್ತಿ ಬಿಡಿಸುವುದು ಕಷ್ಟ, ಆಯಿಗೂ ವಯಸ್ಸಾಗಿರುತ್ತದೆ. ಊಟ, ಸ್ನಾನ, ರೊಟ್ಟಿ ಈ ಮೂರು ಹೊತ್ತು ಮಾತ್ರ ಮೊಬೈಲ್ ಎತ್ತಿಡಿ ಎಂದು ಹೇಳಿದರೆ ನಡೆಯುತ್ತದೆ. ಅಪ್ಪ ವಿಡಿಯೊ ಕಾಲ್ ಮಾಡಿದಾಗ “ಏನ್ ಮಾಡ್ದಿ? ಏನ್ ತಿಂದಿ?” ಎಂಬ ಪ್ರಶ್ನೆಗಳ ಬದಲು ತನ್ನ ಕೈಲಿರುವುದನ್ನು ತೋರಿಸಿ “ಚಾ. ಬಿಸಿ ಚಾ” ಎಂದು ಸುಮ್ಮನಾಗಲಿ.

ಭಾಷೆಯ ಬಗ್ಗೆ ಒಂದು ತಪ್ಪು ಸಲಹೆ ಇಲ್ಲಿ ಬಹಳ ಓಡಾಡುತ್ತದೆ: “ಎರಡು ಮೂರು ಭಾಷೆ ಕಿವಿಗೆ ಬಿದ್ದು ಮಗುವಿಗೆ ಗೊಂದಲ ಆಗ್ಯಾದ, ಒಂದೇ ಭಾಷೆ ಮಾತಾಡ್ರಿ.” ಕಲಬುರಗಿಯ ಮನೆಯಲ್ಲಿ ದಖನಿ, ಭಾಲ್ಕಿಯಲ್ಲಿ ಮರಾಠಿ, ಗುರುಮಠಕಲ್ಲಿನಲ್ಲಿ ತೆಲುಗು, ತಾಂಡಾದಲ್ಲಿ ಲಂಬಾಣಿ, ಅಂಗನವಾಡಿಯಲ್ಲಿ ಕನ್ನಡ, ಇದು ನಮ್ಮ ಬದುಕು. ಹೆಚ್ಚು ಭಾಷೆಯಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ಅವ್ವ ಯಾವ ಭಾಷೆಯಲ್ಲಿ ತಡವರಿಸದೆ ಲಾಲಿ ಹಾಡುತ್ತಾಳೋ ಅದರಲ್ಲೇ ಮಗುವಿನ ಜೊತೆ ಮಾತಾಡಲಿ. ಪದ ಎಣಿಸುವಾಗ ಎಲ್ಲ ಭಾಷೆಯದ್ದನ್ನೂ ಕೂಡಿಸಿ ಎಣಿಸಿ. “ಪಾನಿ” ಅಂದರೂ ಅದು ಮಗುವಿನ ಪದವೇ.

ಉಗ್ಗು ಬೇರೆ ಸಂಗತಿ. ಎರಡರಿಂದ ಐದು ವರ್ಷದ ನಡುವೆ “ನಂ ನಂ ನಂಗ” ಎಂದು ಶುರುವಾಗುವುದು ಬಹಳ ಮಕ್ಕಳಲ್ಲಿ ಕಾಣುತ್ತದೆ, ಹೆಚ್ಚಿನವರಲ್ಲಿ ಹೋಗುತ್ತದೆ. “ನಿಧಾನಕ್ಕ ಹೇಳು, ಉಸಿರು ತಗೊಂಡು ಹೇಳು” ಎನ್ನಬೇಡಿ. ನೀವೇ ನಿಧಾನವಾಗಿ ಮಾತಾಡಿ, ಮಗು ಮುಗಿಸುವ ತನಕ ಅದರ ಮುಖ ನೋಡುತ್ತಿರಿ, ಪದ ತುಂಬಿಸಿಕೊಡಬೇಡಿ. ಆರು ತಿಂಗಳಾದರೂ ಕಡಿಮೆಯಾಗದಿದ್ದರೆ, ಮುಖ ಕುತ್ತಿಗೆ ಬಿಗಿಯುತ್ತಿದ್ದರೆ, ಮನೆತನದಲ್ಲಿ ಉಗ್ಗು ಉಳಿದವರಿದ್ದರೆ ತೋರಿಸಿ.

ಯಾರನ್ನು ಕೇಳುವುದು

ಹತ್ತಿರದ ಬಾಗಿಲು ಅಂಗನವಾಡಿ. 2013ರಿಂದ ನಡೆದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕೆಂದಿದೆ. ಕಿವಿ, ಮಾತು, ಬೆಳವಣಿಗೆಯ ತಡ ಎಲ್ಲವೂ ಅವರ ಪಟ್ಟಿಯಲ್ಲಿವೆ. ತಂಡ ಬರುವ ದಿನ ಅಂಗನವಾಡಿ ಟೀಚರನ್ನು ಕೇಳಿಟ್ಟುಕೊಂಡು ಅಂದು ಮಗುವನ್ನು ತಪ್ಪದೆ ಕಳಿಸಿ, ನೀವೂ ಹೋಗಿ. ಮಗುವಿಗೆ ಮಾತಿಲ್ಲ ಎಂದು ನೀವೇ ಬಾಯಿಬಿಟ್ಟು ಹೇಳಬೇಕು, ಸುಮ್ಮನೆ ಕೂತ ಮಗುವನ್ನು ಯಾರೂ ಗಮನಿಸುವುದಿಲ್ಲ. ಅಲ್ಲಿಂದ ಮುಂದೆ ಜಿಲ್ಲಾ ಆಸ್ಪತ್ರೆ. ಕಲಬುರಗಿ, ಬೀದರ, ಯಾದಗಿರಿ ಮೂರರಲ್ಲೂ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಕಿವಿ-ಮೂಗು-ಗಂಟಲು ವಿಭಾಗದಿಂದ ಶುರು ಮಾಡಿ. ಸಂಶಯ ಬಗೆಹರಿಯದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಕೇಂದ್ರ ಸರ್ಕಾರದ್ದು, 1965ರಲ್ಲಿ ಶುರುವಾದದ್ದು. ದೂರವೇನೋ ಹೌದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಾತು ಮತ್ತು ಭಾಷೆಯ ನ್ಯೂನತೆಯೂ ಒಂದು. ತೊಂದರೆ ತೀವ್ರವಿದ್ದವರು ಯುಡಿಐಡಿ ಕಾರ್ಡಿನ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯ, ಬಗ್ಗೆ ವಿಚಾರಿಸಬಹುದು.

ಅಂಗನವಾಡಿ ಟೀಚರಿಗೆ ಮಗುವಿನ ಐದು ಪದಗಳನ್ನು ಚೀಟಿಯಲ್ಲಿ ಬರೆದುಕೊಡಿ. ಮುಂದೆ ಕೂಡಿಸಲು, ನಿಲ್ಲಿಸಿ ಪದ್ಯ ಹೇಳಿಸದಿರಲು, ಉಳಿದ ಮಕ್ಕಳು ಅಣಕಿಸಿದರೆ ತಡೆಯಲು ಕೇಳಿಕೊಳ್ಳಿ. ಎಲ್ಲರೂ ಕೂಡಿ ಹಾಡುವಾಗ ಈ ಮಕ್ಕಳ ಬಾಯಿಂದ ಒಮ್ಮೊಮ್ಮೆ ಮನೆಯಲ್ಲಿ ಬಾರದ ಪದ ಬರುತ್ತದೆ, ಅದನ್ನು ಅವರು ನಿಮಗೆ ತಿಳಿಸಲಿ.

ಮನೆಯಲ್ಲಿ ಹಾಲಿನ ಲೆಕ್ಕದ ಪುಸ್ತಕವಿದ್ದರೆ ಅದರ ಕೊನೆಯ ಪುಟ ಸಾಕು. ಮಗು ಹೇಳಿದ ಪದ, ಹೇಗೆ ಹೇಳಿತೋ ಹಾಗೆಯೇ, ಎಲ್ಲಿ, ಯಾರಿಗೆ, ಹೇಳಿಕೊಟ್ಟ ಮೇಲೋ ತಾನಾಗಿಯೋ ಎಂದು ಬರೆದಿಡಿ. “ಬಡಿ: ‘ಬಯಿ’ ಅಂದ, ರೊಟ್ಟಿ ಹೊತ್ತಿಗೆ, ತಾನಾಗಿ.” ಬರೆಯಲು ಬಾರದವರು ವಾರಕ್ಕೊಮ್ಮೆ ರೊಟ್ಟಿಯ ಹೊತ್ತಿನ ಎರಡು ನಿಮಿಷದ ವಿಡಿಯೊ ಮಾಡಿಟ್ಟುಕೊಳ್ಳಲಿ, ಮಗುವಿನ ಮುಖವೂ ನಿಮ್ಮ ಮುಖವೂ ಕಾಣುವ ಹಾಗೆ. ಆಸ್ಪತ್ರೆಯ ಹೊಸ ಕೋಣೆಯಲ್ಲಿ ಮಗು ಬಾಯಿ ತೆರೆಯದಿದ್ದರೂ ಥೆರಪಿಸ್ಟ್‌ಗೆ ಬೇಕಾದದ್ದೆಲ್ಲ ಆ ವಿಡಿಯೊದಲ್ಲಿರುತ್ತದೆ. ತಾನಾಗಿ ಹೇಳಿದ ಪದಗಳು ಐದರಲ್ಲಿ ಮೂರಾದಾಗ ಅವರನ್ನು ಕೇಳಿ, ಪಟ್ಟಿಗೆ ಇನ್ನೆರಡು ಸೇರಿಸಿಕೊಂಡು ಬನ್ನಿ.